ಬಂಡವಾಳ ಹಾಕುವ ಮೊದಲು ನಗರಸಭೆಯ ಕಡತ ಓದುವುದು ಹೇಗೆ

ಅಂಗಡಿ ಹಾಕಬೇಕೆಂದಿರುವವರು ಸಾಮಾನ್ಯವಾಗಿ ವಿಚಾರಿಸುವುದು ಮೂರು ಸಂಗತಿಗಳನ್ನು: ಬಾಡಿಗೆ ಎಷ್ಟು, ಮುಂಗಡ ಎಷ್ಟು, ಜನರ ಓಡಾಟ ಹೇಗಿದೆ. ಆ ರಸ್ತೆಯ ಬಗ್ಗೆ, ಆ ಕಟ್ಟಡದ ಬಗ್ಗೆ ನಗರಸಭೆಯ ಕಡತದಲ್ಲಿ ಏನು ಬರೆದಿದೆ ಎಂದು ಕೇಳುವವರು ತೀರಾ ಕಡಿಮೆ. ಕೇಳಿದರೂ ಹೇಳುವುದಿಲ್ಲ ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. ಸರ್ಕಾರಿ ಕಾಗದ ನೋಡುವುದು ವ್ಯಾಪಾರಿಯ ಕೆಲಸವಲ್ಲ ಎಂಬ ಸಂಕೋಚ ಇನ್ನೊಂದು. ಈ ಎರಡಕ್ಕೂ ಬೆಲೆ ತೆತ್ತವರಲ್ಲಿ ನಾನೂ ಒಬ್ಬ.

ಜಿಲ್ಲಾ ಕೇಂದ್ರವೊಂದರಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಶಾಲೆಗಳ ಅರ್ಜಿ ನಮೂನೆ ಇವೇ ನಮ್ಮ ಮುಖ್ಯ ಕೆಲಸ. ಕೆಲವು ವರ್ಷಗಳ ಹಿಂದೆ ಮದುವೆಯ ಹಂಗಾಮಿಗೆ ಮುಂಚೆ ಬ್ಯಾಂಕಿನಲ್ಲಿ ಸಾಲ ಮಾಡಿ ಇನ್ನೊಂದು ಆಫ್‌ಸೆಟ್ ಯಂತ್ರ ತಂದೆ. ಯಂತ್ರ ಕೂರಿಸಿ ಮೂರು ವಾರ ಕಳೆದಿರಲಿಲ್ಲ, ಅಂಗಡಿಯ ಮುಂದೆ ಜೆಸಿಬಿ ಬಂದು ನಿಂತಿತು. ಒಳಚರಂಡಿ ಕೊಳವೆ ಹಾಕುವ ಕೆಲಸ. ಮೇಸ್ತ್ರಿಯನ್ನು ಕೇಳಿದರೆ ‘ಇಪ್ಪತ್ತು ದಿನದ ಕೆಲಸ ಸಾರ್’ ಎಂದ. ರಸ್ತೆ ಮುಚ್ಚಿದ್ದು ಏಳು ತಿಂಗಳು. ಪತ್ರಿಕೆ ಮಾಡಿಸಲು ಬರುವ ಮನೆಯವರು, ಅದರಲ್ಲೂ ವಯಸ್ಸಾದವರು, ಮಣ್ಣಿನ ಗುಡ್ಡೆ ದಾಟಿ ಬರಲಾರದೆ ಪಕ್ಕದ ಬಡಾವಣೆಗೆ ಹೋದರು. ಸಾಲದ ಕಂತು ಮಾತ್ರ ತಪ್ಪದೆ ಬಂತು.

ಆಮೇಲೆ ಕಾರ್ಯಾದೇಶದ, ಅಂದರೆ ಕೆಲಸ ಶುರು ಮಾಡಲು ಗುತ್ತಿಗೆದಾರರಿಗೆ ಕೊಡುವ ಆದೇಶದ, ಪ್ರತಿ ಕೈಗೆ ಸಿಕ್ಕಿತು. ನಾನು ಯಂತ್ರ ಕೊಳ್ಳುವುದಕ್ಕೆ ನಾಲ್ಕು ತಿಂಗಳು ಮೊದಲೇ ಅದಕ್ಕೆ ಸಹಿ ಬಿದ್ದಿತ್ತು, ಕಾಮಗಾರಿಗೆ ಒಂಬತ್ತು ತಿಂಗಳ ಅವಧಿಯನ್ನು ಅದರಲ್ಲೇ ಬರೆದಿದ್ದರು. ಅಂದರೆ ನನ್ನನ್ನು ಮುಳುಗಿಸುವಷ್ಟು ತೂಕದ ಸಂಗತಿಯೊಂದು ನನ್ನ ಅಂಗಡಿಯಿಂದ ಒಂದು ಕಿಲೋಮೀಟರ್ ದೂರದ ಕಪಾಟಿನಲ್ಲಿ ಸುಮ್ಮನೆ ಕುಳಿತಿತ್ತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ: ನಮ್ಮ ಬೀದಿಯಲ್ಲೇ ಒಬ್ಬರಿಗೆ ಇದು ಮೊದಲೇ ತಿಳಿದಿತ್ತು. ಕಚೇರಿಯಲ್ಲಿ ಅವರಿಗೆ ಪರಿಚಯದವರಿದ್ದರು, ಅವರು ತಮ್ಮ ಗೋದಾಮನ್ನು ಆಗಲೇ ಬೇರೆ ಕಡೆಗೆ ಸಾಗಿಸಿಕೊಂಡಿದ್ದರು. ಆಡಳಿತದಲ್ಲಿ ಗುಟ್ಟು ಎನ್ನುವುದು ಎಲ್ಲರಿಗೂ ಸಮಾನವಾದ ಗುಟ್ಟಲ್ಲ. ಪರಿಚಯವಿದ್ದವರಿಗೆ ಅದು ಲಾಭವಾಗುತ್ತದೆ, ಇಲ್ಲದವರಿಗೆ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣದ ಖರ್ಚಾಗುತ್ತದೆ. ಊರಿನ ಆಡಳಿತ ಪಾರದರ್ಶಕವಾಗಿದ್ದರೆ ವ್ಯಾಪಾರ ಬೆಳೆಯುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಆ ಕಾಗದಗಳನ್ನು ಯಾವಾಗ, ಎಲ್ಲಿ, ಹೇಗೆ ನೋಡಬೇಕು ಎಂಬುದನ್ನು ಕರ್ನಾಟಕದ ನಗರಗಳ ಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು

ಮಳಿಗೆ ಮನಸ್ಸಿಗೆ ಬಂದ ಕೂಡಲೇ ಮುಂಗಡ ಕೊಡಬೇಡಿ. ಮೊದಲು ಮಾಲೀಕರಿಂದ ಖಾತಾ ನಕಲು ಮತ್ತು ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿಯನ್ನು ಕೇಳಿ ಪಡೆಯಿರಿ. ರಸೀದಿಯಲ್ಲಿ ಕಟ್ಟಡವನ್ನು ವಾಸದ ಮನೆ ಎಂದು ತೋರಿಸಿ ತೆರಿಗೆ ಕಟ್ಟಿದ್ದರೆ, ನೀವು ಉದ್ದಿಮೆ ಪರವಾನಗಿಗೆ (ಟ್ರೇಡ್ ಲೈಸೆನ್ಸ್) ಅರ್ಜಿ ಹಾಕಿದ ದಿನವೇ ಆ ವ್ಯತ್ಯಾಸ ಹೊರಬೀಳುತ್ತದೆ. ಆಗ ಬಾಕಿ ಮತ್ತು ದಂಡವನ್ನು ಯಾರು ಕಟ್ಟಬೇಕೆಂಬ ಜಗಳ ನಿಮ್ಮ ಮತ್ತು ಮಾಲೀಕರ ನಡುವೆ ಶುರುವಾಗುತ್ತದೆ. ಈ ಮಾತನ್ನು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಮಹಾಯೋಜನೆಯ ನಕ್ಷೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ ಪ್ರಕಾರ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ ತಯಾರಿಸುವ ಈ ನಕ್ಷೆಯನ್ನು ಹಳಬರು ಇಂದಿಗೂ ಸಿಡಿಪಿ (ಸಮಗ್ರ ಅಭಿವೃದ್ಧಿ ಯೋಜನೆ) ಎಂದೇ ಕರೆಯುತ್ತಾರೆ. ನಿಮ್ಮ ಮಳಿಗೆ ಇರುವ ಜಾಗ ವಸತಿ ವಲಯವೋ ವಾಣಿಜ್ಯ ವಲಯವೋ, ಮುಂದಿನ ರಸ್ತೆಯನ್ನು ಎಷ್ಟು ಅಗಲ ಮಾಡುವ ಪ್ರಸ್ತಾವವಿದೆ ಎಂಬುದು ಅದರಲ್ಲಿ ಬಣ್ಣ ಮತ್ತು ಗೆರೆಗಳಲ್ಲಿ ಕಾಣುತ್ತದೆ. ವಸತಿ ವಲಯದಲ್ಲಿ ಅಂಗಡಿಗೆ ಅನುಮತಿ ಸಿಗುವುದು ಹಲವು ಕಡೆ ರಸ್ತೆಯ ಅಗಲವನ್ನು ಅವಲಂಬಿಸಿರುವುದರಿಂದ, ಟೇಪು ಹಿಡಿದು ರಸ್ತೆ ಅಳೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಬಾಡಿಗೆ ಅಗ್ಗವೆಂದು ಕಿರಿದಾದ ಅಡ್ಡರಸ್ತೆಯಲ್ಲಿ ಬೇಕರಿಗೆ ಒಲೆ ಕಟ್ಟಿಸಿ, ಕೊನೆಗೆ ಪರವಾನಗಿ ಸಿಗದೆ ಒಲೆ ಒಡೆದವರು ನಮ್ಮ ಊರಿನಲ್ಲೇ ಇದ್ದಾರೆ.

ಮೂರನೆಯದು, ನನಗೆ ಪಾಠ ಕಲಿಸಿದ್ದು: ಆ ವಾರ್ಡಿನ ಕ್ರಿಯಾಯೋಜನೆ. ಯಾವ ಅನುದಾನದಲ್ಲಿ ಯಾವ ರಸ್ತೆ, ಯಾವ ಚರಂಡಿ, ಎಷ್ಟು ಮೊತ್ತ ಎಂಬ ಪಟ್ಟಿ ಪ್ರತಿ ವರ್ಷ ತಯಾರಾಗಿ ಮಂಜೂರಾಗುತ್ತದೆ. ಎಂಜಿನಿಯರಿಂಗ್ ವಿಭಾಗದಲ್ಲಿ ವಿನಯದಿಂದ ಕೇಳಿದರೆ ಹೆಚ್ಚಿನ ಕಡೆ ಬಾಯಿಮಾತಿನಲ್ಲೇ ಹೇಳುತ್ತಾರೆ. ಆದರೆ ಒಂದೇ ರಸ್ತೆಯನ್ನು ಅಗೆಯುವ ಸಂಸ್ಥೆಗಳು ಹಲವು ಎಂಬುದನ್ನು ಮರೆಯಬೇಡಿ. ಸಣ್ಣ ಮತ್ತು ಮಧ್ಯಮ ನಗರಗಳಲ್ಲಿ ದೊಡ್ಡ ಒಳಚರಂಡಿ ಯೋಜನೆಗಳನ್ನು ಮಾಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಬೆಂಗಳೂರಿನಲ್ಲಿ ಜಲಮಂಡಳಿ. ಕೇಬಲ್ ಹೂಳುವವರು ವಿದ್ಯುತ್ ಸರಬರಾಜು ಕಂಪನಿಯವರು. ನಗರಸಭೆಯಲ್ಲಿ ‘ನಮ್ಮದೇನೂ ಕೆಲಸ ಇಲ್ಲ’ ಎಂಬ ಉತ್ತರ ಬಂದರೆ ಅದು ಪೂರ್ತಿ ಉತ್ತರವಲ್ಲ.

ಪರವಾನಗಿ: ಸಂಖ್ಯೆ ಇಲ್ಲದೆ ಅರ್ಜಿ ಕೊಡಬೇಡಿ

ನಗರಪಾಲಿಕೆಗಳಲ್ಲಿ ಉದ್ದಿಮೆ ಪರವಾನಗಿಗೆ ಆಧಾರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ 353ನೇ ಪ್ರಕರಣ. ನಗರಸಭೆ ಮತ್ತು ಪುರಸಭೆಗಳಿಗೆ ಅನ್ವಯಿಸುವುದು 1964ರ ಪೌರಸಭೆಗಳ ಅಧಿನಿಯಮ. ಬೆಂಗಳೂರಿನ ವ್ಯಾಪಾರಿಗಳು ಇನ್ನೊಂದು ಬದಲಾವಣೆಯನ್ನು ಗಮನಿಸಬೇಕು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2024ರ ಅಡಿಯಲ್ಲಿ 2025ರ ಸೆಪ್ಟೆಂಬರ್‌ನಿಂದ ಅಲ್ಲಿ ಒಂದೇ ಪಾಲಿಕೆಯ ಬದಲು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರಪಾಲಿಕೆಗಳಿವೆ. ಆದ್ದರಿಂದ ನಿಮ್ಮ ಮಳಿಗೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡೇ ಅರ್ಜಿ ಬರೆಯಿರಿ.

ಶುಲ್ಕದ ವಿಷಯದಲ್ಲಿ ಒಂದೇ ಮಾತು. ಯಾವ ಉದ್ದಿಮೆಗೆ ಎಷ್ಟು ಶುಲ್ಕ ಎಂಬುದು ಆರೋಗ್ಯ ನಿರೀಕ್ಷಕರ ನೆನಪಿನಲ್ಲಿರುವ ಸಂಗತಿಯಲ್ಲ, ಮಂಜೂರಾದ ದರಪಟ್ಟಿಯಲ್ಲಿರುವ ಸಂಗತಿ. ಆ ಪಟ್ಟಿಯನ್ನು ನೋಡಲು ಕೇಳಿ, ನಿಮ್ಮ ಉದ್ದಿಮೆಯ ಹೆಸರು ಯಾವ ಸಾಲಿನಲ್ಲಿ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ರಸೀದಿ ಇಲ್ಲದ ಹಣದ ಬಗ್ಗೆ ನಾನು ಇಲ್ಲಿ ಏನನ್ನೂ ಬರೆಯಬೇಕಾಗಿಲ್ಲ, ಓದುವವರಿಗೆ ಗೊತ್ತಿದೆ.

ಅರ್ಜಿ ಸಲ್ಲಿಸುವಾಗ ಸಕಾಲ ಸಂಖ್ಯೆ ಪಡೆಯುವುದು ಎಲ್ಲಕ್ಕಿಂತ ಮುಖ್ಯ. 2011ರ ಸಕಾಲ ಅಧಿನಿಯಮ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಾಗಿನಿಂದ, ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ಕೆಲಸದ ದಿನಗಳು ಎಂಬ ಗಡುವಿದೆ, ಅರ್ಜಿದಾರರಿಗೆ 15 ಅಂಕಿಗಳ ಸಕಾಲ ಸಂಖ್ಯೆ (ಜಿಎಸ್‌ಸಿ ಸಂಖ್ಯೆ ಎಂದೂ ಕರೆಯುತ್ತಾರೆ) ಕೊಡಬೇಕಾಗುತ್ತದೆ. ಗಡುವು ಎಷ್ಟು ದಿನ ಎಂಬುದು ಕಚೇರಿಯ ಫಲಕದಲ್ಲಿ ಇರುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆ ಹಣದಲ್ಲಿ ಒಂದು ದಿನದ ಬಾಡಿಗೆಯೂ ಹುಟ್ಟುವುದಿಲ್ಲ, ನಿಜ. ಆದರೆ ಸಂಖ್ಯೆ ಬಿದ್ದ ಅರ್ಜಿಯ ಗಡುವು ಮೇಲಧಿಕಾರಿಯ ಪರದೆಯಲ್ಲಿ ಕಾಣುತ್ತದೆ, ಸಂಖ್ಯೆ ಬೀಳದ ಅರ್ಜಿ ಮೇಜಿನ ಮೇಲಿನ ಕಾಗದವಾಗಿ ಉಳಿಯುತ್ತದೆ. ‘ದಾಖಲೆ ಪೂರ್ತಿ ಇಲ್ಲ, ಇಲ್ಲೇ ಇಟ್ಟು ಹೋಗಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಒಪ್ಪಬೇಡಿ. ಯಾವ ದಾಖಲೆ ಕಡಿಮೆಯಿದೆ ಎಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಲು ಕೋರಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೇಳುವ ಹಕ್ಕೂ ನಿಮಗಿದೆ. ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ಒದಗಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮದ 4(1)(ಡಿ) ಪ್ರಕರಣ ಹೇಳುತ್ತದೆ. ಇದನ್ನು ಉಲ್ಲೇಖಿಸಿ ಬರೆದ ಅರ್ಧ ಪುಟದ ಪತ್ರಕ್ಕೆ ಇರುವ ತೂಕ ಹತ್ತು ಬಾರಿ ಕಚೇರಿ ಅಲೆಯುವುದಕ್ಕೆ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಬಗೆ

ಬಾಯಿಮಾತಿನಲ್ಲಿ ಸಿಗದ ಕಾಗದವನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಕೇಳಬಹುದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೆಚ್ಚಿನ ಅರ್ಜಿಗಳು ಸೋಲುವುದು ಕೇಳುವ ರೀತಿಯಲ್ಲಿ. ಕಾನೂನು ಕೊಡುವುದು ಕಚೇರಿಯಲ್ಲಿರುವ ದಾಖಲೆಯನ್ನು. ಅಧಿಕಾರಿಯ ಮನಸ್ಸಿನಲ್ಲಿರುವ ವಿವರಣೆಯನ್ನಲ್ಲ. ‘ನಮ್ಮ ರಸ್ತೆಯನ್ನು ಏಕೆ ಅಗೆದಿದ್ದೀರಿ, ಯಾವಾಗ ಮುಗಿಸುತ್ತೀರಿ?’ ಎಂದು ಬರೆದರೆ, ಇದು ಮಾಹಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನಾನು ಮೊದಲ ಸಲ ಬರೆದದ್ದು ಹಾಗೆಯೇ, ಬಂದ ಉತ್ತರವೂ ಅದೇ. ಎರಡನೆಯ ಸಲ ಬರೆದದ್ದು ಹೀಗೆ:

‘ನಗರಸಭೆ ವ್ಯಾಪ್ತಿಯ ವಾರ್ಡ್ ಸಂಖ್ಯೆ ಇಂಥದ್ದರ ಇಂಥ ರಸ್ತೆಯಲ್ಲಿ ನಡೆಯುತ್ತಿರುವ ಒಳಚರಂಡಿ ಕಾಮಗಾರಿಗೆ ಸಂಬಂಧಿಸಿದ ಕಾರ್ಯಾದೇಶದ ಪ್ರತಿ, ಕಾಮಗಾರಿಯ ಅವಧಿಯನ್ನು ನಮೂದಿಸಿರುವ ಒಪ್ಪಂದದ ಪುಟಗಳ ಪ್ರತಿ, ಅವಧಿ ವಿಸ್ತರಣೆ ನೀಡಿದ್ದಲ್ಲಿ ಆ ಆದೇಶದ ಪ್ರತಿ, ವಿಳಂಬಕ್ಕೆ ದಂಡ ವಿಧಿಸಿದ್ದಲ್ಲಿ ಆ ಆದೇಶದ ಪ್ರತಿ ಇವುಗಳನ್ನು ದೃಢೀಕರಿಸಿ ಒದಗಿಸಬೇಕೆಂದು ಕೋರುತ್ತೇನೆ.’

ಈ ಅರ್ಜಿಯಲ್ಲಿ ಒಂದು ಪ್ರಶ್ನೆಯೂ ಇಲ್ಲ, ಒಂದು ದೂರೂ ಇಲ್ಲ ಎಂಬುದನ್ನು ಗಮನಿಸಿ. ಕೇಳಿದ್ದೆಲ್ಲ ಕಾಗದ. ‘ಯಾವಾಗ ಮುಗಿಸುತ್ತೀರಿ’ ಎಂಬ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇರುತ್ತದೆ.

ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ರಸ್ತೆಯ ವಿಷಯಕ್ಕೂ ಪರವಾನಗಿಯ ವಿಷಯಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಮೂಲಕ ಕಟ್ಟಬಹುದು, ರಾಜ್ಯದ ಆನ್‌ಲೈನ್ ಜಾಲತಾಣದಲ್ಲೂ ಸಲ್ಲಿಸಬಹುದು. ಪ್ರತಿಗಳಿಗೆ ಎ4 ಅಳತೆಯ ಪುಟಕ್ಕೆ 2 ರೂಪಾಯಿ. ಈ ಹಕ್ಕು ಇರುವುದು ನಾಗರಿಕರಿಗೆ. ಸಂಘದ ಅಥವಾ ಅಂಗಡಿಯ ಹೆಸರಿನಲ್ಲಿ ಬರೆದ ಅರ್ಜಿಯನ್ನು ಇದೇ ನೆಪದಲ್ಲಿ ವಾಪಸು ಕಳಿಸಬಹುದಾದ್ದರಿಂದ ಸ್ವಂತ ಹೆಸರಿನಲ್ಲಿ ಬರೆಯಿರಿ. ಮಾಹಿತಿ ಏಕೆ ಬೇಕು ಎಂದು ತಿಳಿಸುವ ಅಗತ್ಯವಿಲ್ಲ. ಅರ್ಜಿ ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ. 6(3) ಪ್ರಕರಣದಂತೆ ಅದನ್ನು 5 ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ನನ್ನ ಅರ್ಜಿಯೂ ಹಾಗೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗಿಯೇ ಉತ್ತರ ಕಂಡದ್ದು.

ಉತ್ತರಕ್ಕೆ 30 ದಿನಗಳ ಅವಧಿಯಿದೆ. ಅದು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಅಪೂರ್ಣವಾಗಿದ್ದರೆ, 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗ ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಆಯೋಗದ ಮುಂದೆ ಸರದಿ ಉದ್ದವಿದೆ. ವ್ಯಾಪಾರದ ಹಂಗಾಮು ಅದಕ್ಕಾಗಿ ಕಾಯುವುದಿಲ್ಲ. ನನ್ನ ಅನುಭವದಲ್ಲಿ ಕೆಲಸ ಕೆಡುವುದೂ ಆಗುವುದೂ ಮೊದಲ ಮೇಲ್ಮನವಿಯ ಹಂತದಲ್ಲೇ. ಅಲ್ಲಿ ವಿಚಾರಣೆಗೆ ತಪ್ಪದೆ ಹಾಜರಾಗಿ.

ಇಷ್ಟೆಲ್ಲ ಕೇಳುವ ಮೊದಲು ಕಚೇರಿಯೇ ಪ್ರಕಟಿಸಿರುವುದನ್ನು ಓದುವುದು ಜಾಣತನ. 4(1)(ಬಿ) ಪ್ರಕರಣದ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ 17 ಬಗೆಯ ವಿವರಗಳನ್ನು ತಾನಾಗಿಯೇ ಪ್ರಕಟಿಸಬೇಕು: ಅಧಿಕಾರಿಗಳ ಕರ್ತವ್ಯ, ಹಂಚಿಕೆಯಾದ ಆಯವ್ಯಯ, ಪರವಾನಗಿ ಪಡೆದವರ ವಿವರ ಇತ್ಯಾದಿ. ಪರವಾನಗಿ ಪಡೆದವರ ಪಟ್ಟಿಯಂತೂ ವ್ಯಾಪಾರಿಗೆ ಪುಕ್ಕಟೆ ಮಾರುಕಟ್ಟೆ ಸಮೀಕ್ಷೆ. ನಿಮ್ಮ ವಾರ್ಡಿನಲ್ಲಿ ಔಷಧದ ಅಂಗಡಿ ಎಷ್ಟು, ಹೋಟೆಲು ಎಷ್ಟು, ಹಾರ್ಡ್‌ವೇರ್ ಅಂಗಡಿಯೇ ಇಲ್ಲದ ಬಡಾವಣೆ ಯಾವುದು ಎಂಬುದನ್ನು ಅದರಿಂದ ಲೆಕ್ಕ ಹಾಕಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಾಹಿತಿ ಹಕ್ಕನ್ನು ಎದುರು ಅಂಗಡಿಯವರನ್ನು ಹೆದರಿಸಲು ಬಳಸುವವರಿದ್ದಾರೆ, ಅದನ್ನೇ ದಂಧೆ ಮಾಡಿಕೊಂಡವರೂ ಇದ್ದಾರೆ. ಅವರಿಂದಾಗಿ ಅರ್ಜಿ ಎಂದರೆ ಜಗಳಕ್ಕೆ ಕರೆದಂತೆ ಎಂಬ ಭಾವನೆ ಕಚೇರಿಗಳಲ್ಲಿ ಬೇರೂರಿದೆ. ಬೇರೆಯವರ ವ್ಯಾಪಾರ ರಹಸ್ಯಕ್ಕೆ, ಖಾಸಗಿ ವಿವರಕ್ಕೆ ಕೈ ಹಾಕಬೇಡಿ. ಕಾನೂನಿನ 8ನೇ ಪ್ರಕರಣದಲ್ಲಿ ಅದಕ್ಕೆ ವಿನಾಯಿತಿಯೂ ಇದೆ. ಅರ್ಜಿ ಕೊಡುವ ಮೊದಲು ವಿಷಯ ನಿರ್ವಾಹಕರನ್ನು (ಆ ಕಡತ ನೋಡಿಕೊಳ್ಳುವ ಗುಮಾಸ್ತರನ್ನು) ಒಮ್ಮೆ ಭೇಟಿಯಾಗಿ ‘ನನಗೆ ಈ ಎರಡು ಕಾಗದ ಬೇಕು, ದೂರು ಕೊಡುವ ಉದ್ದೇಶವಿಲ್ಲ’ ಎಂದು ಹೇಳಿದರೆ ಅರ್ಧದಷ್ಟು ಸಲ ಅರ್ಜಿಯ ಅಗತ್ಯವೇ ಬೀಳುವುದಿಲ್ಲ.

ನಗರಸಭೆಯೇ ಗಿರಾಕಿಯಾದಾಗ

ಊರಿನಲ್ಲಿ ಅತಿ ದೊಡ್ಡ ಖರೀದಿದಾರ ಯಾರು ಎಂದು ಕೇಳಿದರೆ ಯಾರೂ ನಗರಸಭೆಯ ಹೆಸರು ಹೇಳುವುದಿಲ್ಲ. ಬ್ಲೀಚಿಂಗ್ ಪುಡಿ, ಪೌರಕಾರ್ಮಿಕರ ಸಮವಸ್ತ್ರ, ಬಲ್ಬು, ಪಂಪಿನ ದುರಸ್ತಿ, ನಮ್ಮಂಥವರಿಂದ ರಸೀದಿ ಪುಸ್ತಕ, ಹೀಗೆ ವರ್ಷವಿಡೀ ಖರೀದಿ ನಡೆಯುತ್ತಲೇ ಇರುತ್ತದೆ. ಇದನ್ನು ನಿಯಂತ್ರಿಸುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999. ಎಂಜಿನಿಯರುಗಳ ಬಾಯಲ್ಲಿ ಅದು ಕೆಟಿಪಿಪಿ. ನಿಗದಿತ ಮಿತಿ ಮೀರಿದ ಖರೀದಿಗೆ ಟೆಂಡರ್ ಕರೆಯಲೇಬೇಕು, ಪ್ರಕಟಣೆ ರಾಜ್ಯದ ಇ-ಸಂಗ್ರಹಣಾ ಜಾಲತಾಣದಲ್ಲಿ ಬರಬೇಕು. ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಲು ಡಿಜಿಟಲ್ ಸಹಿ ಬೇಕು. ಅದನ್ನು ಟೆಂಡರ್ ಕಂಡ ದಿನ ಹುಡುಕಬೇಡಿ, ಮೊದಲೇ ಮಾಡಿಸಿಟ್ಟುಕೊಳ್ಳಿ. ಮಿತಿಗಿಂತ ಕಡಿಮೆ ಮೊತ್ತದ ಖರೀದಿ ಕೊಟೇಷನ್ ಮೇಲೆ ನಡೆಯುತ್ತದೆ. ಅಲ್ಲಿ ಕೇಳಿದವರಿಗೆ ಮಾತ್ರ ಪತ್ರ ಬರುವುದರಿಂದ, ‘ನಾವು ಇಂಥ ಸಾಮಗ್ರಿ ಒದಗಿಸುತ್ತೇವೆ, ಕೊಟೇಷನ್ ಕರೆಯುವಾಗ ನಮಗೂ ತಿಳಿಸಿ’ ಎಂದು ಪೌರಾಯುಕ್ತರಿಗೆ ಬರೆದು ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಟೆಂಡರ್ ಸೋತಾಗಲೂ ಲಾಭವಿದೆ. ಗೆದ್ದವರ ದರ, ಎಲ್ಲರ ದರಗಳನ್ನು ಹೋಲಿಸಿದ ತೌಲನಿಕ ಪಟ್ಟಿ, ನಿಮ್ಮ ಟೆಂಡರ್ ತಾಂತ್ರಿಕ ಹಂತದಲ್ಲೇ ಬಿದ್ದಿದ್ದರೆ ಅದರ ಕಾರಣ ಇವನ್ನು ಕೇಳಿ ಪಡೆಯಿರಿ. ನಾನು ಎರಡು ಸಲ ಸೋತ ಮೇಲೆ ಪಟ್ಟಿ ತರಿಸಿ ನೋಡಿದಾಗ, ನನ್ನ ದರ ಹೆಚ್ಚಿದ್ದದ್ದು ಕಾಗದದ ಬೆಲೆಯಲ್ಲಿ ಅಲ್ಲ, ಬೈಂಡಿಂಗ್ ಕೂಲಿಯಲ್ಲಿ ಎಂದು ತಿಳಿಯಿತು. ಮೂರನೆಯ ಸಲ ಬೈಂಡಿಂಗನ್ನು ಬೇರೆಯವರಿಗೆ ಒಪ್ಪಿಸಿ ದರ ಇಳಿಸಿದೆ, ಕೆಲಸ ಸಿಕ್ಕಿತು. ಅನ್ಯಾಯವಾಗಿದೆ ಎನಿಸಿದರೆ ಕಾನೂನಿನ 16ನೇ ಪ್ರಕರಣದಂತೆ ಆದೇಶ ಬಂದ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಆದರೆ ಇದೇ ಕಾನೂನಿನ 4(ಜಿ) ಪ್ರಕರಣದಲ್ಲಿ ಸರ್ಕಾರ ಟೆಂಡರಿನಿಂದಲೇ ವಿನಾಯಿತಿ ಕೊಡಲು ಅವಕಾಶವಿದೆ. ಪಾರದರ್ಶಕತೆಯ ಹೆಸರಿನ ಕಾನೂನಿನಲ್ಲೇ ಹಿಂಬಾಗಿಲೊಂದನ್ನು ಇಟ್ಟಂತೆ ನನಗೆ ಅನಿಸುತ್ತದೆ.

ಸರಬರಾಜು ಮಾಡಿದ ಮೇಲಿನ ಕಷ್ಟ ಬಿಲ್ಲಿನದು. ಒಮ್ಮೆ ಸರ್ಕಾರಿ ಕಚೇರಿಯೊಂದಕ್ಕೆ ನಮೂನೆಗಳನ್ನು ಮುದ್ರಿಸಿಕೊಟ್ಟು ಹನ್ನೊಂದು ತಿಂಗಳು ಹಣಕ್ಕಾಗಿ ಅಲೆದೆ. ಹೋದಾಗಲೆಲ್ಲ ‘ಅನುದಾನ ಬಂದಿಲ್ಲ’ ಎಂಬ ಉತ್ತರ. ಕೊನೆಗೆ ಬಿಲ್ ವಹಿಯಲ್ಲಿ ನನ್ನ ಬಿಲ್ಲಿಗೆ ಸಂಬಂಧಿಸಿದ ಪುಟದ ಪ್ರತಿ ಕೇಳಿದೆ. ಸಾಮಗ್ರಿಯನ್ನು ದಾಸ್ತಾನು ಪುಸ್ತಕಕ್ಕೆ ತೆಗೆದುಕೊಂಡ ಬಗ್ಗೆ ದೃಢೀಕರಣವಿಲ್ಲ ಎಂದು ಲೆಕ್ಕ ವಿಭಾಗ ಬಿಲ್ಲನ್ನು ಎರಡನೆಯ ತಿಂಗಳಲ್ಲೇ ಹಿಂದಿರುಗಿಸಿತ್ತು. ಅದನ್ನು ನನಗೆ ತಿಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಉಗ್ರಾಣದಲ್ಲಿ ಒಂದು ಸಹಿ ಬಿದ್ದ ಹದಿನೈದು ದಿನಕ್ಕೆ ಹಣ ಬಂತು. ಅಂದಿನಿಂದ ಸಾಮಗ್ರಿ ಇಳಿಸಿದ ದಿನವೇ ದಾಸ್ತಾನು ಪುಸ್ತಕದ ಪುಟಸಂಖ್ಯೆಯನ್ನು ನನ್ನ ಚಲನ್ ಮೇಲೆ ಬರೆಸಿಕೊಳ್ಳುತ್ತೇನೆ.

ನೀವು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ತಯಾರಕರು ಅಥವಾ ಸೇವೆ ಒದಗಿಸುವವರಾಗಿದ್ದು, ನಿಮ್ಮದು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಅಧಿನಿಯಮ ನಿಮ್ಮ ನೆರವಿಗಿದೆ. ಲಿಖಿತ ಒಪ್ಪಂದ ಏನೇ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳ ಚಕ್ರಬಡ್ಡಿಯಾಗಿ ಕೇಳಬಹುದು. ದೂರನ್ನು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಜಾಲತಾಣದ ಮೂಲಕ ಸಲ್ಲಿಸಬಹುದು. ತಂದು ಮಾರುವ ವರ್ತಕರಿಗೂ ಉದ್ಯಮ್ ನೋಂದಣಿ ಸಿಗುತ್ತದೆಯಾದರೂ ವಿಳಂಬ ಪಾವತಿಯ ಈ ರಕ್ಷಣೆ ಅವರಿಗೆ ಇಲ್ಲ ಎಂಬುದು ನೆನಪಿರಲಿ.

ಮಳಿಗೆ ಹರಾಜು, ಬೀದಿ ವ್ಯಾಪಾರ

ನಗರಸಭೆಯ ವಾಣಿಜ್ಯ ಮಳಿಗೆಗಳಲ್ಲಿ ಹಲವು ವರ್ಷಗಳ ಹಿಂದಿನ ಬಾಡಿಗೆಗೇ ಕುಳಿತವರು, ಪಡೆದ ಮಳಿಗೆಯನ್ನು ಹತ್ತು ಪಟ್ಟು ಬಾಡಿಗೆಗೆ ಮತ್ತೊಬ್ಬರಿಗೆ ಕೊಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಹೊಸದಾಗಿ ವ್ಯಾಪಾರಕ್ಕೆ ಬರುವವರಿಗೆ ಬಾಗಿಲು ಮುಚ್ಚುವುದು ಇಲ್ಲಿ. ಮಳಿಗೆವಾರು ಬಾಡಿಗೆದಾರರ ಪಟ್ಟಿ, ಗುತ್ತಿಗೆ ಮುಗಿಯುವ ದಿನಾಂಕ, ಬಾಕಿ ಮೊತ್ತ ಈ ಮೂರು ಅಂಕಣಗಳ ಪಟ್ಟಿಯನ್ನು ಕೇಳಿ ಪಡೆದರೆ ಮುಂದಿನ ಹರಾಜು ಯಾವಾಗ ಬರಬೇಕೆಂಬುದು ನಿಮಗೇ ತಿಳಿಯುತ್ತದೆ.

ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾನೂನು ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ನೀವು ನಿಲ್ಲುವ ಜಾಗ ವ್ಯಾಪಾರ ವಲಯದಲ್ಲಿದೆಯೇ ಎಂದು ಸಮಿತಿಯ ನಡಾವಳಿಯಲ್ಲಿ ನೋಡಿಕೊಳ್ಳಿ. ಗಾಡಿ ಎತ್ತಲು ಬಂದಾಗ ಕೈಯಲ್ಲಿ ಗುರುತಿನ ಚೀಟಿಯ ಜೊತೆ ಆ ಪುಟವೂ ಇರಲಿ.

ಒಬ್ಬರಿಂದ ಆಗದ ಕೆಲಸ

ಇದುವರೆಗೆ ಹೇಳಿದ್ದೆಲ್ಲ ಒಬ್ಬೊಬ್ಬರು ಮಾಡಿಕೊಳ್ಳಬಹುದಾದದ್ದು. ಬೀದಿಯ ವ್ಯಾಪಾರಿಗಳು ಒಟ್ಟಾಗಿ ಮಾಡಬೇಕಾದ ಕೆಲಸ ಆಯವ್ಯಯದ ಕಾಲದಲ್ಲಿ ಬರುತ್ತದೆ. ಹೊಸ ವರ್ಷದ ಆಯವ್ಯಯ ಸಿದ್ಧವಾಗುವ ಮೊದಲು ನಗರ ಸ್ಥಳೀಯ ಸಂಸ್ಥೆಗಳು ಪೂರ್ವಭಾವಿ ಸಭೆ ಕರೆಯುತ್ತವೆ. ಆ ಸಭೆಗೆ ಹೋಗುವವರು ಬೆರಳೆಣಿಕೆಯಷ್ಟು. ಹೋದವರೂ ಬೀದಿ ದೀಪ, ನಾಯಿ ಕಾಟ ಎಂದು ಹೇಳಿ ಬರುತ್ತಾರೆ. ಹಿಂದಿನ ವರ್ಷದ ಲೆಕ್ಕಪತ್ರವನ್ನು ಓದಿಕೊಂಡು ಹೋದರೆ ಮಾತಿನ ಬೆಲೆಯೇ ಬೇರೆ. ಓದಲು ಸಿಗುತ್ತದೆಯೇ ಎಂದರೆ ಸಿಗುತ್ತದೆ: ಹದಿನೈದನೆಯ ಹಣಕಾಸು ಆಯೋಗ 2021–26ರ ಅವಧಿಯಲ್ಲಿ ಅನುದಾನಕ್ಕೆ ಅರ್ಹತೆ ಪಡೆಯಲು ಸ್ಥಳೀಯ ಸಂಸ್ಥೆಗಳು ಲೆಕ್ಕಪತ್ರಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ಷರತ್ತು ಹಾಕಿತು. ಅದರಲ್ಲಿ ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ಘನತ್ಯಾಜ್ಯ ಶುಲ್ಕ ಎಂದು ನಮ್ಮಿಂದ ಎಷ್ಟು ಬಂತು, ಮಾರುಕಟ್ಟೆ ಪ್ರದೇಶಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ಎದುರು ಬದುರು ಇಟ್ಟು ನೋಡಬಹುದು. ಲೆಕ್ಕ ತೆರೆದಿಟ್ಟ ಊರಿಗೆ ಸಾಲ ಹುಟ್ಟುತ್ತದೆ, ಸಾಲ ಹುಟ್ಟಿದರೆ ರಸ್ತೆ ಚರಂಡಿಗೆ ಹಣ ಬರುತ್ತದೆ ಎಂಬುದೂ ಇದಕ್ಕೆ ಸೇರಿದ ಮಾತೇ. ದೇಶದಲ್ಲಿ ಮೊದಲು ಪೌರ ಬಾಂಡ್ (ಹೂಡಿಕೆದಾರರಿಂದ ಸಾಲ ಎತ್ತುವ ಪತ್ರ) ಬಿಡುಗಡೆ ಮಾಡಿ 125 ಕೋಟಿ ರೂಪಾಯಿ ಎತ್ತಿದ್ದು 1997ರಲ್ಲಿ ಬೆಂಗಳೂರು ಪಾಲಿಕೆ, ಅದೂ ರಾಜ್ಯ ಸರ್ಕಾರದ ಖಾತರಿಯ ಬಲದಿಂದ.

ಪಾಲಿಕೆ ಇರುವ ಊರುಗಳಲ್ಲಿ ವಾರ್ಡ್ ಸಮಿತಿಯೂ ಇರಬೇಕು. ಹಲವು ಕಡೆ ಅದು ಕಾಗದದ ಮೇಲಷ್ಟೇ ಇದೆ, ಚುನಾಯಿತ ಕೌನ್ಸಿಲ್ ಇಲ್ಲದ ಕಡೆ ಅದೂ ಇಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಎಲ್ಲವನ್ನೂ ನಡೆಸಿದರು. ಇಂಥ ಕಡೆ ವ್ಯಾಪಾರಿಗಳ ಸಂಘದ ಪತ್ರ ನೇರವಾಗಿ ಆಯುಕ್ತರ ಮೇಜಿಗೆ ಹೋಗಬೇಕಾಗುತ್ತದೆ.

ನಮ್ಮ ಬೀದಿಯ ಸಂಘದವರು ಅಂಥದ್ದೊಂದು ಪೂರ್ವಭಾವಿ ಸಭೆಯಲ್ಲಿ ಕೇಳಿದ್ದು ಒಂದೇ ಬೇಡಿಕೆ: ಮುಂದಿನ ವರ್ಷ ಯಾವ ರಸ್ತೆಯನ್ನು ಯಾವ ತಿಂಗಳಲ್ಲಿ ಅಗೆಯುತ್ತೀರಿ ಎಂಬ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಸೂಚನಾ ಫಲಕಕ್ಕೆ ಹಾಕಿ, ಅದರಲ್ಲಿ ಬೇರೆ ಇಲಾಖೆಯವರ ಕೆಲಸವನ್ನೂ ಸೇರಿಸಿ. ದುಡ್ಡಿನ ಖರ್ಚಿಲ್ಲದ ಬೇಡಿಕೆಯಾದ್ದರಿಂದ ಯಾರೂ ವಿರೋಧಿಸಲಿಲ್ಲ. ಮೊದಲ ವರ್ಷ ಹಾಕಲಿಲ್ಲ. ಎರಡನೆಯ ವರ್ಷ ಹಾಕಿದರು. ಅದರಲ್ಲಿ ನಮ್ಮ ರಸ್ತೆಯ ಚರಂಡಿ ದುರಸ್ತಿಗೆ ಜೂನ್ ಎಂದು ಬರೆದಿತ್ತು. ನಾನು ಮೇ ಕೊನೆಯಲ್ಲೇ ಲಾರಿ ತರಿಸಿ ಮೂರು ತಿಂಗಳಿಗೆ ಸಾಲುವಷ್ಟು ಕಾಗದದ ರೀಮುಗಳನ್ನು ಒಳಗಿಳಿಸಿಕೊಂಡೆ, ಹಿಂಬದಿಯ ಓಣಿಯ ಬಾಗಿಲಿಗೆ ಒಂದು ಬೋರ್ಡು ಬರೆಸಿ ಹಾಕಿದೆ. ಕೆಲಸ ಶುರುವಾದದ್ದು ಆಗಸ್ಟಿನಲ್ಲಿ. ಬೋರ್ಡು ಅಷ್ಟರಲ್ಲಿ ಬಿಸಿಲಿಗೆ ಮಾಸಿತ್ತು, ಆದರೆ ಗಿರಾಕಿಗಳಿಗೆ ಓಣಿಯ ದಾರಿ ರೂಢಿಯಾಗಿತ್ತು.